ಗೊಜ್ಜಿನ ಬಣ್ಣ ಮತ್ತು ನಮ್ಮ ಮಾವ

ನಮ್ಮ ಮಾವನವರನ್ನು ಊಟಕ್ಕೆ ಕರೆಯುವ ಧೈರ್ಯವಿದ್ದರೆ, ಮೊದಲು ನೀವು ಊಟ ಮುಗಿಸಿ, ಆಮೇಲೆ ಕರೆಯಿರಿ! ನನ್ನ ಗಂಡನ ತಂದೆ, ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಯುರೋಪಿನ ಹಳೆಯ ಚಿತ್ರಕಾರರ ಗುಟ್ಟುಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಯುರೋಪಿಗೆ ಕಾಲಿಟ್ಟವರೇ ಅಲ್ಲ. ಅಮೆರಿಕದ ಅಲೆನ್ ಊರಿನ ನಮ್ಮ ಮನೆಗೆ ಬಂದ ವಾರವೇ, ರಬ್ಬರ್ ಬರುವ ಮೊದಲು ಯುರೋಪಿನಲ್ಲಿ ಬ್ರೆಡ್ಡಿನಿಂದ ಗೆರೆ ಅಳಿಸುತ್ತಿದ್ದರೆಂದು ನನ್ನ ಮಗಳ ಹೋಮ್‌ವರ್ಕ್ ಮೇಲೆ ಪ್ರಯೋಗ ಮಾಡಿದರು. ಗೆರೆಯೇನೋ ಅಳಿಸಿತು, ಬೆಳಗ್ಗೆ ಪುಸ್ತಕದ ತುಂಬ ಇರುವೆ. "ತಾತಾ, ಇಟ್ಸ್ ಮೂವಿಂಗ್" ಎಂದಳು ಮಗಳು.

ಅದನ್ನೂ ಸಹಿಸಿಕೊಂಡೆ. ಆದರೆ ನಮ್ಮ ಗೃಹಪ್ರವೇಶದ ಮಧ್ಯಾಹ್ನ? ಪಕ್ಕದ ಮರ್ಫಿ ಊರಿನ ಕನ್ನಡದ ಆಂಟಿ ಮಾಡಿ ತಂದಿದ್ದ ಗೊಜ್ಜನ್ನು ಮಾವ ಚಮಚದಲ್ಲೆತ್ತಿ ಬೆಳಕಿಗೆ ಹಿಡಿದರು.

"ಎಂಥಾ ಕಂದು ನೋಡಿ. ಈ ಬಣ್ಣಕ್ಕೆ ಯುರೋಪಿನೋರು ಈಜಿಪ್ಟಿಂದ ಮಮ್ಮಿ ತರಿಸಿ ಪುಡಿ ಮಾಡ್ತಿದ್ರು. ಸಾವಿರಾರು ವರ್ಷದ ಹೆಣ!"

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಆಮೇಲೆ ಗೊಜ್ಜನ್ನು ಯಾರೂ ಮುಟ್ಟಲಿಲ್ಲ.

ನೆಲ ಬಾಯಿಬಿಟ್ಟರೆ ಸಾಕಾಗಿತ್ತು ನನಗೆ. ಅಡುಗೆಮನೆಯಲ್ಲಿ ಆಂಟಿಯ ಕೈ ಹಿಡಿದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಬೇಜಾರ್ ಮಾಡ್ಕೋಬೇಡಿ ಆಂಟಿ. ಮಾವಂಗೆ ಈಚೆಗೆ ಮರೆವಿನ ಕಾಯಿಲೆ. ಏನ್ ಮಾತಾಡ್ತಾರೋ ಅವರಿಗೇ ಗೊತ್ತಾಗಲ್ಲ."

ತಿರುಗಿದರೆ, ಖಾಲಿ ಜಗ್ ಹಿಡಿದು ಬಾಗಿಲಲ್ಲಿ ಮಾವ ನಿಂತಿದ್ದರು. ನೀರು ತುಂಬಿಸಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಆಂಟಿ ಅವರ ಬಳಿ ಹೋಗಿ, ಮಗುವನ್ನು ಕೇಳುವಂತೆ ಬಿಡಿಸಿ ಬಿಡಿಸಿ ಕೇಳಿದರು: "ಅಂಕಲ್, ಊಟ ಆಯ್ತಾ?"

ಮಾವ ನನ್ನನ್ನೊಮ್ಮೆ ನೋಡಿದರು. "ಆಯ್ತೋ ಇಲ್ವೋ, ನೆನಪಿಲ್ಲಮ್ಮ. ತಾವು ಯಾರು?"

ಐದು ನಿಮಿಷ ಬಿಟ್ಟು ಮತ್ತೆ ಅದೇ, "ತಾವು ಯಾರು?" ಆಂಟಿ ಕರಗಿಹೋದರು. ತಾವೇ ಅನ್ನ ಹಾಕಿ ಮೇಲೆ ಗೊಜ್ಜು ಬಡಿಸಿದರು. ಮೂವತ್ತು ವರ್ಷದ ಹಿಂದಿನ ಹಾಜರಿ ಪುಸ್ತಕವನ್ನು ಇವತ್ತಿಗೂ ಒಪ್ಪಿಸಬಲ್ಲ ಮನುಷ್ಯ, ನಾನು ಸುಳ್ಳುಗಾತಿ ಆಗಬಾರದೆಂದು, ತಲೆ ತಗ್ಗಿಸಿಕೊಂಡು ಎರಡನೆಯ ಸಲ ಊಟ ಮಾಡಿದರು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಎಲ್ಲರೂ ಹೋದಮೇಲೆ, ತಟ್ಟೆ ಒರೆಸುತ್ತಿದ್ದವರ ಪಕ್ಕ ನಿಂತು, "ತಪ್ಪಾಯ್ತು ಮಾವ" ಎಂದೆ. "ಆ ಮಮ್ಮಿ ಬಣ್ಣದ ಕಥೆ ಅರ್ಧಕ್ಕೇ ನಿಂತುಹೋಯ್ತು. ನಂಗೆ ಪೂರ್ತಿ ಹೇಳಿ."

"ಮರೆತುಹೋಯ್ತು ಕಣಮ್ಮ" ಎಂದು ನನ್ನ ತಲೆ ಸವರಿ, ಮಾವ ಇನ್ನೊಂದು ತಟ್ಟೆ ಎತ್ತಿಕೊಂಡರು.