ಐದನೇ ಮ್ಯಾಚು ಮತ್ತು ನನ್ನ ಹಳದಿ ಚಡ್ಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಷ್ಟು ವರ್ಷ ಅನ್ನ ಹಾಕಿದ ನನ್ನ ಕತ್ತರಿಯಾಣೆ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈಲರ್ ಅಂಗಡಿ. ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ನನ್ನ ಹಾಗೆ ಕಾಲರ್ ಕೂರಿಸುವವನು ಇನ್ನೊಬ್ಬನಿಲ್ಲ ಎಂದು ಜನ ಹೇಳುತ್ತಾರೆ. ಅವರು ಮರೆತ ದಿನ ನಾನೇ ಹೇಳಿಕೊಳ್ಳುತ್ತೇನೆ. ಅಂಗಡಿ ಮುಂದೆ ಒಂದು ಬೆಂಚಿದೆ. ಬಟ್ಟೆ ಹೊಲಿಸುವವರು ಅದರ ಮೇಲೆ ಹತ್ತು ನಿಮಿಷ ಕೂರುತ್ತಾರೆ, ಹೊಲಿಸದವರು ದೀಪ ಹಚ್ಚುವ ಹೊತ್ತಿನವರೆಗೂ ಕೂರುತ್ತಾರೆ. ಅಂಥದ್ದೊಂದು ಬೆಂಚು ಇರುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ, ಯಾರೂ ಪ್ರಯತ್ನ ಪಡಬೇಕಾಗಿಲ್ಲ.

೧. ಮೊದಲನೇ ಗೆಲುವು

ಬೆಂಗಳೂರಿನದೊಂದು ಬ್ಯಾಸ್ಕೆಟ್‌ಬಾಲ್ ತಂಡ. ಹಳದಿ ಬನಿಯನ್, ಹಳದಿ ಚಡ್ಡಿ. ಹೋದ ಸೀಸನ್‌ನಲ್ಲಿ ಅವರು ಸೋತ ರೀತಿ ನೋಡಿದ್ದರೆ ಬುಟ್ಟಿಯೇ ಮುಖ ತಿರುಗಿಸಿಕೊಳ್ಳುತ್ತಿತ್ತು. ಆಗ ನಮ್ಮೂರಲ್ಲಿ ಅವರ ಹೆಸರು ಕೇಳಿದವರಿಲ್ಲ. ಈ ಸಲ ಚಿಂತಾಮಣಿಯ ಉದ್ದನೆ ಹುಡುಗನೊಬ್ಬ ಆ ತಂಡ ಸೇರಿದ, ಲೀಗಿನ ಮೊದಲ ಮ್ಯಾಚು ಗೆದ್ದರು. ಅಷ್ಟು ಸಾಕಾಯಿತು, ನನ್ನ ಬೆಂಚಿಗೆ ಹುಚ್ಚು ಹಿಡಿಯಲು.

ಬೆಂಚಿನ ಖಾಯಂ ಗಿರಾಕಿಗಳು ಇಬ್ಬರು. ಒಬ್ಬರು ರಿಟೈರಾದ ಪಿ.ಟಿ. ಮೇಷ್ಟ್ರು. ಸೀಟಿ ಇಲ್ಲದಿದ್ದರೂ ಇಂದಿಗೂ ಸೀಟಿ ಊದಿದ ಹಾಗೆಯೇ ಮಾತಾಡುತ್ತಾರೆ. ಇನ್ನೊಬ್ಬರು ರೇಷ್ಮೆ ನೂಲು ತೆಗೆಯುವ ಭಾಯ್. ಬೆಳಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಗೂಡಿನ ಲಾಟು ಹಿಡಿದು, ಸಂಜೆ ನನ್ನ ಅಂಗಡಿಯಲ್ಲಿ ನನ್ನನ್ನು ಹಿಡಿಯುತ್ತಾರೆ.

"ಈ ಸಲ ಲೀಗ್ ಕಪ್ಪು ನಮಗೇ ಬಂದ ಹಾಗೇ ಕಣಯ್ಯಾ," ಅಂದರು ಮೇಷ್ಟ್ರು. "ರೀಬೌಂಡ್ ನೋಡಿದ್ಯಾ? ಬುಟ್ಟಿಗೆ ತಗುಲಿ ವಾಪಸ್ ಬಂದ ಬಾಲಿಗೆ ಆ ಹುಡುಗ ಏನು ಎಗರ್ತಾನೆ!"

"ಅಣ್ಣಾ, ಒಂದೇ ಒಂದು ಗೂಡು ಕಿವಿ ಹತ್ರ ಅಲ್ಲಾಡಿಸಿದ್ರೆ ಇಡೀ ಲಾಟು ಹೆಂಗಿದೆ ಅಂತ ಹೇಳ್ಬಿಡ್ತೀನಿ ನಾನು," ಅಂದರು ಭಾಯ್. "ಇದು ಒಳ್ಳೇ ಲಾಟು."

ನನಗೆ ಮೈಯೆಲ್ಲಾ ಉರಿಯಿತು. ಒಂದು ಮ್ಯಾಚು! ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡವನನ್ನು ನೋಡಿ, ಇವನು ವರ್ಷವಿಡೀ ಹೀಗೇ ಹೊಳೆಯುತ್ತಾನೆ ಎಂದಂತೆ.

"ಭಾಯ್, ಒಳ್ಳೇ ಗೂಡು ಮೇಲೆ ಹರಡಿ ಕಳಪೇದು ಕೆಳಗೆ ಮುಚ್ಚಿಡೋದು ನೀವು ನೋಡಿಲ್ವಾ? ಮೇಷ್ಟ್ರೇ, ಹೊಸ ಕಾಟನ್ ಬಟ್ಟೆ ಅಂಗಡೀಲಿ ಎಷ್ಟಗಲ ಇದೆ ಅನ್ನೋದು ಲೆಕ್ಕಕ್ಕಿಲ್ಲ. ಮೊದಲನೇ ಒಗೆತ ಆಗ್ಲಿ. ಎಷ್ಟು ಕುಗ್ಗುತ್ತೆ ನೋಡಿ, ಆಮೇಲೆ ಮಾತಾಡಣ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

"ಈ ತಂಡ ಮೊದಲ ಐದು ಮ್ಯಾಚೂ ಗೆದ್ರೆ, ಅವರ ಹಳದಿ ಚಡ್ಡಿ ಬನಿಯನ್ನು ನಾನೇ ಹೊಲ್ಕೊಂಡು, ನಾನೇ ಹಾಕ್ಕೊಂಡು, ಇಲ್ಲಿಂದ ಗೂಡಿನ ಮಾರ್ಕೆಟ್ ಗೇಟಿನ ತನಕ ನಡೀತೀನಿ!"

ನನ್ನ ಮಂಡಿ ಸೂರ್ಯನನ್ನು ನೋಡಿದ್ದು ಮದುವೆಗೆ ಮುಂಚೆ. ಈ ಊರಿನ ಅರ್ಧ ಜನಕ್ಕೆ ಮೈ ಮುಚ್ಚುವುದು ಹೇಗೆಂದು ಕಲಿಸಿದ ಮನುಷ್ಯ ನಾನು. ಮೇಷ್ಟ್ರು ಬಿಡಲಿಲ್ಲ. ನನ್ನ ಅಳತೆ ಪುಸ್ತಕ ಎಳೆದುಕೊಂಡು ಬರೆದರು: ಗಿರಾಕಿ, ಸ್ವತಃ ಟೈಲರು. ಬಟ್ಟೆ, ಚಡ್ಡಿ ಬನಿಯನ್. ಕೊಡುವ ದಿನ, ಐದನೇ ಮ್ಯಾಚಿನ ಸಂಜೆ.

ಭಾಯ್ ಬಗ್ಗಿ ಓದಿ ತಲೆ ಅಲ್ಲಾಡಿಸಿದರು. "ಮೇಷ್ಟ್ರೇ, ಇದು ಆಗೋ ಕೆಲ್ಸ ಅಲ್ಲ. ಇವ್ರು ಹೇಳಿದ ದಿನಕ್ಕೆ ಯಾವತ್ತಾದ್ರೂ ಬಟ್ಟೆ ಕೊಟ್ಟಿದ್ದಾರಾ?"

೨. ಹುಡುಗನ ತಾತ

ಎರಡನೇ ಮ್ಯಾಚೂ ಗೆದ್ದರು. ಗೆದ್ದ ಮಾರನೇ ದಿನ ಆ ಚಿಂತಾಮಣಿ ಹುಡುಗನಿಗೆ ನಮ್ಮೂರಲ್ಲಿ ನೆಂಟರು ಹುಟ್ಟಿಕೊಂಡರು. ಮೇಷ್ಟ್ರು, ಜಿಲ್ಲಾ ಮಟ್ಟದ ಆಟೋಟದಲ್ಲಿ ಅವನಿಗೆ ತಾವೇ ಒಂದು ಸಲ ನೀರು ಕೊಟ್ಟಿದ್ದಾಗಿ ಹೇಳಿದರು. ಭಾಯ್ ಅವರ ಕಾರ್ಖಾನೆಯ ಬಾಗಿಲಿಗೆ ಅವನೊಮ್ಮೆ ತಲೆ ಬಡಿಸಿಕೊಂಡಿದ್ದನಂತೆ, ಅದರ ಗುರುತು ಚೌಕಟ್ಟಿನಲ್ಲಿ ಈಗಲೂ ಇದೆಯಂತೆ. ಜನರ ಈ ಸಣ್ಣತನ ನೋಡಿ ನನಗೆ ಅಸಹ್ಯವಾಯಿತು. ಹಾಗಾಗಿ ನಿಜ ಸಂಗತಿ ಹೇಳಲೇಬೇಕಾಯಿತು.

"ನೀರು ಕೊಟ್ಟೋರು, ಬಾಗಿಲು ಕೊಟ್ಟೋರು ಎಲ್ಲಾ ಸುಮ್ನಿರಿ. ಅವನ ತಾತನ ಜುಬ್ಬ ಹೊಲಿದೋನು ನಾನು. ತೋಳಿನ ಅಳತೆಗೆ ನನ್ನ ಟೇಪು ಸಾಲ್ದೆ, ಪಕ್ಕದಂಗಡಿ ಟೇಪು ತಂದು ಗಂಟು ಹಾಕಿದ್ದೆ. ಕತ್ತಿನ ಅಳತೆ ತಗೊಳಕ್ಕೆ ಕಟಿಂಗ್ ಟೇಬಲ್ ಮೇಲೆ ಹತ್ತಿ ನಿಂತಿದ್ದೆ. ಆ ಎತ್ತರ ಅವನಿಗೆ ಬಂದಿದ್ದೇ ಅಲ್ಲಿಂದ."

ಇಬ್ಬರೂ ಬಾಯಿ ಬಿಟ್ಟುಕೊಂಡು ಕೇಳಿದರು. ಒಳಗೆ ಬ್ಲೌಸ್ ಕಾಯುತ್ತಾ ಕೂತಿದ್ದ ಹೆಂಗಸೊಬ್ಬರು ಅಷ್ಟರಲ್ಲಿ ಎದ್ದು ಬಂದರು.

"ಅಯ್ಯೋ ಅಣ್ಣಯ್ಯಾ, ನಂದೂ ಚಿಂತಾಮಣೀನೇ ತವರು. ಆ ಹುಡುಗ ನಮ್ಮ ಹಿಂದಿನ ಬೀದಿಯೋನು. ಅವರ ತಾತ ಲೈಟ್ ಹಾಕ್ಬೇಕಾದ್ರೆ ಸ್ಟೂಲ್ ತರಿಸ್ಕೋತಿದ್ರು."

೩. ಮೇಷ್ಟ್ರ ಗೆರೆ

ಮೂರನೇ ಗೆಲುವಿನ ಸಂಜೆ ಮೇಷ್ಟ್ರು ಬೆಂಚಿನ ಮೇಲೆ ಕೂರಲೇ ಇಲ್ಲ, ನೇರ ಒಳಗೆ ನುಗ್ಗಿದರು. "ನಿನಗೆ ಆಟ ಅರ್ಥ ಆಗಲ್ಲ ಕಣಯ್ಯಾ, ಅದಕ್ಕೇ ಹೀಗಾಡ್ತೀಯ. ಬಾ ಇಲ್ಲಿ." ಕಟಿಂಗ್ ಟೇಬಲ್ ಮೇಲೆ ಮಂಚೇನಹಳ್ಳಿಯ ಮದುವೆ ಗಂಡಿನ ಪ್ಯಾಂಟಿನ ಬಟ್ಟೆ ಹರಡಿತ್ತು. ಕಡುನೀಲಿ. ನಾನು ಆಗಲೇ ಅರ್ಧ ಗೆರೆ ಎಳೆದಿದ್ದೆ. ನನ್ನ ಸೀಮೆಸುಣ್ಣ ಕಿತ್ತುಕೊಂಡು ಮೇಷ್ಟ್ರು ಉಳಿದರ್ಧದ ಮೇಲೆ ಶುರುಮಾಡಿದರು.

"ಇದು ನಮ್ಮ ಬುಟ್ಟಿ. ಇದು ಅವರದು. ಹುಡುಗ ಇಲ್ಲಿಂದ ಹೊರಟ. ಬಲಕ್ಕೆ ಹೋಗ್ತೀನಿ ಅಂತ ತೋರಿಸಿದ, ಡಿಫೆಂಡರ್ ಬಲಕ್ಕೆ ವಾಲಿದ. ಇವನು ಟಕ್ ಅಂತ ಎಡಕ್ಕೆ!"

"ಮೂರು ಮ್ಯಾಚಿಗೆ ಇಷ್ಟೊಂದು ಗೆರೆ," ಅಂದೆ ನಾನು. "ಸೀಸನ್ ಮುಗಿಯೋ ಹೊತ್ತಿಗೆ ಇವರು ಸೋತಿದ್ದನ್ನ ಬರೆಯಕ್ಕೆ ಒಂದು ಥಾನು ಬಟ್ಟೆ ಬೇಕಾಗುತ್ತೆ."

ಒಂದು ಗಂಟೆ ಕಾಲ ಅವರು ಗೆರೆ ಎಳೆದರು, ನಾನು ವಾದ ಎಳೆದೆ. ಅವರು ಹೋದ ಮೇಲೆ, ತಂಡವನ್ನು ಮನಸ್ಸಿನಲ್ಲೇ ಬೈಯುತ್ತಾ, ಕಂಡ ಗೆರೆ ಹಿಡಿದು ಕತ್ತರಿಸಿ ಹೊಲಿದುಬಿಟ್ಟೆ.

ಮದುವೆ ಗಂಡು ಬಂದ. ಹಾಕಿಕೊಂಡು ಕನ್ನಡಿ ಮುಂದೆ ನಿಂತ, ತುಂಬ ಹೊತ್ತು ನಿಂತ. "ಟೈಲರಣ್ಣಾ, ನಾನು ನೆಟ್ಟಗೇ ನಿಂತಿದ್ದೀನಿ. ಈ ಪ್ಯಾಂಟ್ ಯಾಕೆ ಎಡಗಡೆ ಹೊರಟಿದೆ?"

"ಹೊಸ ಫ್ಯಾಷನ್ ಕಣಪ್ಪಾ," ಎಂದೆ. ಅವನು ನಂಬುವುದರಲ್ಲಿದ್ದ. ಅಷ್ಟರಲ್ಲಿ ಬೆಂಚಿನಿಂದ ಕತ್ತು ಚಾಚಿ ನೋಡಿದ ಮೇಷ್ಟ್ರು ಕುಣಿದಾಡಿಬಿಟ್ಟರು.

"ಭಾಯ್, ನೋಡಿ ನೋಡಿ! ಅಲ್ಲೇ ಕಣ್ರೀ, ಆ ಮಂಡಿ ಹತ್ರಾನೇ ಡಿಫೆಂಡರ್ ಮೋಸ ಹೋಗಿದ್ದು!"

ಬೇರೆ ಬಟ್ಟೆ ತಂದು ಹೊಲಿದುಕೊಟ್ಟೆ ಬಿಡಿ. ಆ ಪ್ಯಾಂಟು ಈಗಲೂ ನನ್ನ ಬಳಿ ಇದೆ. ಅದನ್ನು ಹಾಕಿಕೊಂಡು ಹೊರಟವನನ್ನು ಯಾವ ಡಿಫೆಂಡರೂ ಹಿಡಿಯಲಾರ.

೪. ಯಾರ ಹೊಟ್ಟೆ

ನಾಲ್ಕನೆಯದೂ ಗೆದ್ದರು. ನನ್ನ ಬಾಯಿ ಮೊದಲಿನಷ್ಟೇ ಜೋರಾಗಿತ್ತು, ಕೈ ಮಾತ್ರ ಐದನೇ ಮ್ಯಾಚಿಗೆ ಉಳಿದ ದಿನ ಎಣಿಸುತ್ತಿತ್ತು. ಭಾಯ್ ದಿನಾ ಬಂದು ವಿಚಾರಿಸಿಕೊಳ್ಳುತ್ತಿದ್ದರು. "ಅಣ್ಣಾ, ಹುಳ ನಾಲ್ಕನೇ ಜ್ವರ ಎದ್ದಾಯ್ತು. ಇನ್ನೇನು ಗೂಡು ಕಟ್ಟೋದೇ." ರೇಷ್ಮೆ ಹುಳ ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಎದ್ದಿತ್ತು, ನಾನು ಮಲಗಿದ್ದೆ.

ಆದರೂ ಮಾತು ಅಂದರೆ ಮಾತು. ಯಾವುದೋ ಶಾಲೆಯವರ ಯೂನಿಫಾರಂನಲ್ಲಿ ಉಳಿದ ಹಳದಿ ಕಾಟನ್ ಇತ್ತು. ಕಾಟನ್ನು ನೆನೆಸಿ ಒಣಗಿಸಿಯೇ ಕತ್ತರಿಸಬೇಕು ಎಂದು ಊರಿಗೆಲ್ಲಾ ಹೇಳುವವನು ನಾನು. ಆದರೆ ಹಳದಿ ಬಟ್ಟೆ ತಂತಿಯ ಮೇಲೆ ಒಣಗಲು ಹಾಕಿದರೆ ಗುಟ್ಟು ರಟ್ಟಾಗುವುದಿಲ್ಲವೇ? ಹಾಗೇ ಕತ್ತರಿಸಿ, ಮನೆಯ ಮಿಷಿನ್ನಿನಲ್ಲಿ ಕದ್ದು ಹೊಲಿದು, ಬೀರುವಿನಲ್ಲಿ ಪಂಚೆಗಳ ಕೆಳಗೆ ಬಚ್ಚಿಟ್ಟೆ. ಚಡ್ಡಿ ಮಾತ್ರ ಮಂಡಿಯಿಂದ ನಾಲ್ಕು ಬೆರಳು ಕೆಳಗೆ. ಮರ್ಯಾದಸ್ಥರ ಚಡ್ಡಿ.

ನನ್ನ ಹೆಂಡತಿಯಿಂದ ಏನನ್ನಾದರೂ ಬಚ್ಚಿಡುವುದು ಎಂದರೆ ಅವಳಿಗೆ ಹುಡುಕುವ ಕೆಲಸ ಕೊಟ್ಟ ಹಾಗೆ. ಮಾರನೇ ದಿನವೇ ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ರೀ, ಇದ್ಯಾರದು?"

"ಗಿರಾಕೀದು ಕಣೇ. ಮುದ್ದೇನಹಳ್ಳಿ ಕಡೆಯೋರು."

ಅವಳು ಚಡ್ಡಿಯ ಸೊಂಟವನ್ನು ಅಗಲಿಸಿ ನೋಡಿದಳು, ನನ್ನನ್ನು ನೋಡಿದಳು. "ಮುದ್ದೇನಹಳ್ಳೀಲಿ ಯಾರಿಗ್ರೀ ಬಂತು ನಿಮ್ಮ ಹೊಟ್ಟೆ?"

ಎಲ್ಲ ಹೇಳಿಬಿಟ್ಟೆ. ಅವಳು ನಗುತ್ತಾ ನೆಲದ ಮೇಲೆ ಕೂತಳು. ಎದ್ದವಳೇ, "ಬೀದೀಲಿ ನಡೆಯೋದೇ ಆದ್ರೆ ಒಗೆದಿದ್ದನ್ನಾದ್ರೂ ಹಾಕ್ಕೊಂಡು ನಡೀರಿ, ಗಂಜಿ ವಾಸನೆ ಹೊಡೀತಿದೆ" ಎಂದು ಬಿಸಿನೀರಿನಲ್ಲಿ ನೆನೆಹಾಕಿದಳು.

೫. ಐದನೇ ಮ್ಯಾಚು

ಆ ಸಂಜೆ ನನ್ನ ಅಂಗಡಿ ಎದುರಿನ ಬೇಕರಿಯ ಟೀವಿ ಮುಂದೆ ಬಸ್ ಸ್ಟ್ಯಾಂಡೇ ಸೇರಿತ್ತು. ಆಟ ನೋಡಲು ಬಂದವರು ಕಡಿಮೆ, ನನ್ನ ಕಾಲು ನೋಡಲು ಬಂದವರೇ ಹೆಚ್ಚು. ಇನ್ನು ಮೂರು ನಿಮಿಷ ಇದೆ ಅನ್ನುವಾಗ ಹಳದಿಯವರು ಹನ್ನೆರಡು ಪಾಯಿಂಟು ಮುಂದೆ. ಮೇಷ್ಟ್ರು ನನ್ನ ಕಡೆ ತಿರುಗಿ ಇಲ್ಲದ ಸೀಟಿ ಊದಿದರು.

ಆಗ ನನ್ನ ತಲೆಗೆ, ಈ ತಾಲ್ಲೂಕಿನಲ್ಲಿ ನನಗೆ ಮಾತ್ರ ಹೊಳೆಯುವಂಥ ಉಪಾಯ ಹೊಳೆಯಿತು. ಎಲ್ಲರ ಕಣ್ಣೂ ಟೀವಿ ಮೇಲಿದೆ. ಈಗಲೇ ಬಟ್ಟೆ ಬದಲಾಯಿಸಿ ನಡೆದುಬಿಟ್ಟರೆ, ಮ್ಯಾಚು ಮುಗಿಯುವಷ್ಟರಲ್ಲಿ ಮಾರುಕಟ್ಟೆ ಗೇಟು ಮುಟ್ಟಿ ಬಂದು, ಪ್ಯಾಂಟು ಹಾಕಿಕೊಂಡು ಕೂತಿರಬಹುದು. ನಡೆದದ್ದೂ ಹೌದು, ನೋಡಿದವರೂ ಇಲ್ಲ.

ಅಂಗಡಿಯ ಪರದೆ ಹಿಂದೆ ಹೋದೆ. ಮನೆಯಿಂದ ತಂದಿಟ್ಟಿದ್ದ ಗಂಟು ಬಿಚ್ಚಿದೆ. ಹಾಕಿಕೊಂಡೆ. ಉಸಿರು ಎಳೆದುಕೊಳ್ಳಬೇಕಾಯಿತು, ಅದಿರಲಿ. ಮೆಲ್ಲಗೆ ಹೊರಗೆ ಬಂದು ಬೇಕರಿ ಮುಂದೆ ಕಳ್ಳಹೆಜ್ಜೆ ಹಾಕುತ್ತಾ, ಸುಮ್ಮನೆ ಒಂದು ಸಲ ಟೀವಿ ಕಡೆ ನೋಡಿದೆ. ಆ ಹನ್ನೆರಡು ಎರಡಕ್ಕೆ ಇಳಿದಿತ್ತು! ಕಾಲು ಅಲ್ಲೇ ನಿಂತುಬಿಟ್ಟಿತು. ಕೊನೆಯ ಕ್ಷಣ. ಎದುರಾಳಿಯೊಬ್ಬ ಅರ್ಧ ಅಂಗಳದಿಂದ ಬಾಲು ಬೀಸಿದ. ಹಾರನ್ನು ಕೂಗಿತು. ಬಾಲು ಬುಟ್ಟಿಯೊಳಗೆ. ಮೂರು ಪಾಯಿಂಟು. ಒಂದರಿಂದ ಸೋಲು.

ನಾನು ಪಂತ ಗೆದ್ದೆ. ಆ ಹೊತ್ತಿಗೆ ತೆಪ್ಪಗೆ ಪರದೆ ಹಿಂದೆ ಹೋಗಿದ್ದರೆ ಇಂದಿಗೂ ದೊಡ್ಡ ಮನುಷ್ಯನಾಗಿ ಓಡಾಡುತ್ತಿದ್ದೆ.

ಆದರೆ ಮೇಷ್ಟ್ರು ಎದ್ದು ಪಂಚೆ ಕೊಡವಿಕೊಂಡು, "ಡಿಫೆನ್ಸ್ ಇಲ್ಲ ಅಂತ ನಾನು ಮೊದಲನೇ ದಿನಾನೇ ಹೇಳಿರ್ಲಿಲ್ವಾ?" ಅಂದರು. ಭಾಯ್ ತಲೆಯಾಡಿಸಿ, "ಕಳಪೆ ಲಾಟು ಮೇಷ್ಟ್ರೇ, ಕೈಗೆತ್ಕೊಂಡಾಗ್ಲೇ ಡೌಟಿತ್ತು" ಅಂದರು. ಇಬ್ಬರೂ ಮಾರುಕಟ್ಟೆ ರಸ್ತೆ ಹಿಡಿದು ಹೊರಟೇಬಿಟ್ಟರು.

ನನಗೆ ಏನಾಯಿತೋ ಗೊತ್ತಿಲ್ಲ. "ನಿಂತ್ಕೊಳ್ರೀ!" ಎಂದು ಕೂಗಿದೆ. "ನಾಚಿಕೆ ಆಗಲ್ವಾ ನಿಮಗೆ? ನಾಲ್ಕು ಗೆದ್ದೋರ್ನ ಒಂದು ಸೋತಿದ್ದಕ್ಕೆ ಕೈ ಬಿಡ್ತೀರಾ? ಆ ಬಾಲು ಕೈ ಬಿಟ್ಟಿದ್ದು ಹಾರನ್ ಆದ್ಮೇಲೆ! ಕಣ್ಣಿಲ್ವಾ ಆ ರೆಫರಿಗೆ? ಮೇಷ್ಟ್ರೇ, ಆ ಹುಡುಗನ ರೀಬೌಂಡ್ ಮರೆತುಬಿಟ್ರಾ?"

ಅವರು ತಿರುಗಿ ನೋಡಿದರು. ನೋಡಿದವರೇ ಇನ್ನೂ ಜೋರಾಗಿ ನಡೆದರು. ನಾನೂ ಬಿಡಲಿಲ್ಲ, ಕೈ ಬೀಸುತ್ತಾ, ವಾದಿಸುತ್ತಾ ಬೆನ್ನು ಹತ್ತಿದೆ. ಹೂವಿನ ಅಂಗಡಿ, ಮೆಡಿಕಲ್ ಸ್ಟೋರು ದಾಟಿದೆ. ನಾನು ಬ್ಲೌಸ್ ಹೊಲಿದುಕೊಡುವ ಎಲ್ಲ ಮನೆಗಳನ್ನೂ ದಾಟಿದೆ. "ಈ ಸೀಸನ್ ಕಪ್ಪು ನಮ್ದಾಗ್ಲಿಲ್ಲ ಅಂದ್ರೆ ನನ್ನನ್ನ ಕೇಳ್ರೀ!" ಎಂದು ನಾನು ಎದೆ ತಟ್ಟಿಕೊಂಡಾಗಲೇ ಇಬ್ಬರೂ ನಿಂತು ತಿರುಗಿದ್ದು.

ಮೇಷ್ಟ್ರು ಬೆರಳು ಮಾಡಿ ನನ್ನ ತಲೆಯ ಮೇಲೆ ತೋರಿಸಿದರು. ಗೂಡಿನ ಮಾರುಕಟ್ಟೆಯ ಗೇಟು.

"ಅಣ್ಣಾ," ಅಂದರು ಭಾಯ್, ನಗು ತಡೆದು ಕಣ್ಣಲ್ಲಿ ನೀರು ತುಂಬಿಕೊಂಡು, "ಗೆದ್ದೋರು ನೀವು. ನಡೆದೋರೂ ನೀವೇ. ಅದೂ ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ರೆಡಿ!"

ಇದಿಷ್ಟೂ ನಡೆದದ್ದು ನಡೆದ ಹಾಗೆಯೇ. ಕತ್ತರಿಯಾಣೆ ಎಂದ ಮೇಲೆ ಒಂದು ಚಿಕ್ಕ ವಿಷಯ ಮಾತ್ರ ಒಪ್ಪಿಕೊಂಡುಬಿಡುತ್ತೇನೆ. ಚಡ್ಡಿ ಮಂಡಿಯಿಂದ ನಾಲ್ಕು ಬೆರಳು ಕೆಳಗಿತ್ತು ಎಂದೆನಲ್ಲ, ಅದು ಬಿಸಿನೀರಿಗೆ ಬೀಳುವುದಕ್ಕೆ ಮುಂಚಿನ ಅಳತೆ. ಅಂದು ರಸ್ತೆಯಲ್ಲಿ ಅದು ಮಂಡಿಯಿಂದ ಒಂದು ಗೇಣು ಮೇಲಿತ್ತು. ಮೊದಲನೇ ಒಗೆತಕ್ಕೆ ಕುಗ್ಗುತ್ತೆ ಎಂದು ನಾನು ಹೇಳಿದ್ದು ಸುಳ್ಳಾಗಲಿಲ್ಲ, ಕುಗ್ಗುವುದು ಯಾವುದು ಎಂದು ಹೇಳುವುದರಲ್ಲಿ ಸ್ವಲ್ಪ ತಪ್ಪಿತು, ಅಷ್ಟೇ.