ನಮ್ಮನೆಯ ನೊಣಬಾಕರು

“ಅವಕ್ಕೆ ಗೊಬ್ಬರ ಹಾಕ್ಬೇಡಿ ಮತ್ತೆ.”

ಹೆಂಡತಿ ನನಗೆ ಹೇಳಿದ ಕೊನೆ ಮಾತು. ಆಸ್ಪತ್ರೆ ಮಂಚದ ಮೇಲಿಂದ. ಬೇರೆ ಯಾರ ಹೆಂಡತಿ ಹೀಗೆ ಹೇಳಿ ಹೋಗಿದ್ದಾಳೆ?

ಅವು ಅಂದ್ರೆ ಹೂಜಿ ಗಿಡ. ಅಮೆರಿಕದ ಜಾತಿ. ಎಲೆಯೇ ಕೊಳವೆ, ತುದಿಗೊಂದು ಮುಚ್ಚಳ. ನೊಣ ಒಳಗೆ ಜಾರಿದ್ರೆ ಮುಗೀತು, ಅದೇ ಊಟ. ಸಾಗರದಲ್ಲಿ ಲಗೇಜ್ ಆಟೋ ಓಡಿಸೋ ನನಗೆ ಗಿಡಗಂಟಿ ವಿಷಯ ಗೊತ್ತಿಲ್ಲ. ಆದ್ರೆ ಅವಳು ಸಾಕಿದ್ದು. ಉಳಿಸ್ಬೇಕು.

ಮನೆ ನೋಡ್ಕೊಳ್ಳೋಕೆ ಬಂದ ನನ್ನ ಅಕ್ಕ ಬಂದ ದಿನವೇ ಹೇಳಿದ್ಲು, “ಮಾಂಸ ತಿನ್ನೋ ಗಿಡ ಈ ಮನೇಲಿ ಬೇಡ. ಹೊಳೆಗೆ ಬಿಡು.” ಆವತ್ತಿಂದ ಈ ಕುಂಡಗಳ ದೆಸೆಯಿಂದ ಒಂದಲ್ಲ ಒಂದು ನಗೆಪಾಟಲು.

ಬುಟ್ಟಿ

ತೀರ್ಥಹಳ್ಳಿಯಿಂದ ಭಾವಮೈದ ಬಂದ, ಹೆಂಡತಿಯ ತಮ್ಮ. ಬುಟ್ಟಿ ತುಂಬ ಕೊಟ್ಟಿಗೆ ಗೊಬ್ಬರ. ಬಸ್ಸಲ್ಲಿ ತಂದಿದ್ದ.

“ಅಕ್ಕನ ಗಿಡ ಅಲ್ವಾ ಭಾವ, ಚೆನ್ನಾಗಿ ಬರ್ಲಿ.”

“ಗೊಬ್ಬರ ಹಾಕಿದ್ರೆ ಸಾಯ್ತವೆ ಮಾರಾಯ.”

“ಗೊಬ್ಬರಕ್ಕೆ ಸಾಯೋದಾ? ಎಂತ ಸೊಕ್ಕು!”

ಕುಂಡಗಳ ಮುಂದೆ ಕೈ ಅಗಲಿಸಿ ನಿಂತೆ. ಅವನು ಎಡಕ್ಕೆ ಬಂದ್ರೆ ನಾನೂ ಎಡಕ್ಕೆ. ಕಬಡ್ಡಿಯೇ ಆಯ್ತು. ಕೊನೆಗೆ ಅವನು ಸೋತ. ಗೊಬ್ಬರ ನನ್ನ ಆಟೋದ ಸಾಮಾನು ಹಾಕೋ ತೊಟ್ಟಿಗೆ ಸುರಿದು ಬುಟ್ಟಿ ಒಯ್ದ.

ಆವತ್ತು ನನಗೆ ಮದುವೆ ಮನೆ ಕುರ್ಚಿ ಸಾಗಿಸೋ ಬಾಡಿಗೆ ಇತ್ತು.

ಹೆಸರು

ಹೊಸನಗರದಿಂದ ಮೇಷ್ಟ್ರೊಬ್ಬರು ಬಂದ್ರು. ಇಂಥ ಗಿಡದ ಬಗೆಬಗೆ ತಳಿ ಕೂಡಿಹಾಕೋ ಹುಚ್ಚು ಅವರಿಗೆ. ಒಂದೊಂದಕ್ಕೂ ನಾಲಿಗೆ ಹೊರಳದ ಹೆಸರು ಹೇಳಿದ್ರು. ನನಗೆ ಗೊತ್ತಿದ್ದದ್ದು ಹೆಂಡತಿ ಇಟ್ಟ ಹೆಸರು. ಬಿಳಿ ಮುಚ್ಚಳದ ಮೇಲೆ ಕೆಂಪು ಗೆರೆ ಇದ್ದದ್ದು ಮದುಮಗಳು. ಗಿಡ್ಡ, ಹೊಟ್ಟೆ ತುಂಬ ಮಳೆ ನೀರು ಕುಡಿದು ಕೂತದ್ದು ಬೀಗರು.

“ಈ ಹಳದಿದು? ಉದ್ದ, ಸಪೂರ?”

ನಾನು ಬೀಗರ ಕುಂಡ ಎತ್ತಿ ಆಚೆ ಇಟ್ಟೆ.

ಒಳಗಿಂದ ಅಕ್ಕ ಕೂಗಿದ್ಲು, “ಅದು ಅವನೇ! ಕಂಬದ ಹಾಗೆ ಬೆಳೆದು ಬಾಯಿ ಬಿಟ್ಕೊಂಡು ನಿಂತಿದೆಯಲ್ಲ, ಅದಕ್ಕೆ ಗಂಡನ ಹೆಸರೇ ಇಟ್ಟಿದ್ಲು!”

ಮೇಷ್ಟ್ರು ಗಿಡ ನೋಡಿದ್ರು. ನನ್ನ ನೋಡಿದ್ರು.

“ಸರಿಯಾಗಿದೆ” ಅಂದ್ರು.

ಉಪವಾಸ

ಏಕಾದಶಿ. ಬಾಡಿಗೆ ಮುಗಿಸಿ ಬಂದು ನೋಡ್ತೀನಿ, ಎಲ್ಲ ಕೊಳವೆ ಬಾಯಿಗೂ ಬಟ್ಟೆ ಕಟ್ಟಿದೆ. ಉಪ್ಪಿನಕಾಯಿ ಜಾಡಿ ಸಾಲಿಟ್ಟ ಹಾಗೆ.

“ಅಕ್ಕಾ, ಎಂತ ಇದು?”

“ಈ ಮನೇಲಿ ಇರೋದಾದ್ರೆ ಅವೂ ಏಕಾದಶಿ ಮಾಡ್ಲಿ.”

“ಹಂಗಾರೆ ಇವು ಇಲ್ಲೇ ಇರಬಹುದಾ?”

“ಇರ್ಲಿ. ಹಳದಿದಕ್ಕೆ ಮಾತ್ರ ಎರಡು ಗಂಟು ಹಾಕಿದ್ದೀನಿ. ಕದ್ದು ತಿನ್ನೋ ಜಾತಿ ಅದು. ಸಣ್ಣವನಿದ್ದಾಗಿಂದ ನೋಡಿದ್ದೀನಿ.”

ನಕ್ಕೆ. ಹೆಂಡತಿ ಹೋದ ಮೇಲೆ ಮೊದಲ ಸಲ. ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿ ಒಳಗೆ ಹೋದ್ಲು.

ಬೆಳಗ್ಗೆ ದ್ವಾದಶಿ, ಉಪವಾಸ ಬಿಡೋ ಹೊತ್ತು. ಸ್ನಾನ ಮಾಡಿ ಗಂಟೆಲ್ಲ ಬಿಚ್ಚಿದೆ. ದೋಸೆ, ಬೆಲ್ಲ ಹಿಡ್ಕೊಂಡು ಮದುಮಗಳ ಪಕ್ಕ ಕೂತೆ. ನೊಣವೊಂದು ಬಂದು ನನ್ನ ಬೆಲ್ಲದ ಮೇಲೆ ಕೂತಿತು. ಓಡಿಸ್ಲಿಲ್ಲ. ಅದು ಸಾವಕಾಶ ತಿಂದು, ಹಾರಿ, ಬಿಳಿ ಮುಚ್ಚಳದ ಮೇಲೆ ಕೂತು, ಒಳಗೆ ಜಾರಿತು.

“ಅಕ್ಕಾ, ಇವಳ ಪಾರಣೆ ಆಯ್ತು” ಅಂದೆ. “ನಂಗೆ ಇನ್ನೊಂದು ದೋಸೆ ಹಾಕು.”