ತಬ್ಬಿ ತೆಗೆದ ಅಳತೆ

ನಮ್ಮ ಮನೆಯ ಕಂಪ್ಯೂಟರ್ ಬೆಳಿಗ್ಗೆ ಏಳುವುದಕ್ಕೆ ನನಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಗುಂಡಿ ಒತ್ತಿ, ಹಲ್ಲುಜ್ಜಿ, ಸ್ನಾನ ಮುಗಿಸಿ, ಪೇಪರ್ ಓದಿ ಬಂದರೂ ಪರದೆಯ ಮೇಲೆ ಅದೇ ಮಾತು: ‘ನವೀಕರಣ ನಡೆಯುತ್ತಿದೆ, ಶೇಕಡಾ ಮೂವತ್ತೇಳು.’ ಮೂವತ್ತೇಳರಲ್ಲಿ ಅದಕ್ಕೆ ಏನು ಸುಖವಿತ್ತೋ, ಅಲ್ಲಿಂದ ಕದಲುತ್ತಲೇ ಇರಲಿಲ್ಲ. (ನಾನೂ ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಗುಮಾಸ್ತನಾಗಿ ಕೂತವನೇ. ಆದರೆ ಎಷ್ಟು ಕೂತಿದ್ದೇನೆಂದು ಜನರಿಗೆ ಶೇಕಡಾವಾರು ತೋರಿಸುತ್ತಿರಲಿಲ್ಲ.)

ನಿವೃತ್ತನಾದ ಮೇಲೆ ಆ ಕಂಪ್ಯೂಟರಿನ ಮುಂದೆ ನನಗೊಂದು ಹುದ್ದೆ ಸಿಕ್ಕಿತ್ತು. ನನ್ನ ಹೆಂಡತಿ ಟೈಲರ್. ಒಳಗಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ಮತ್ತು ಬಟ್ಟೆ ಕತ್ತರಿಸುವ ಮೇಜು, ಹೊರಗಿನ ಕೋಣೆಯಲ್ಲಿ ನಾನು. ಅವಳು ಒಳಗಿನಿಂದ ಗಿರಾಕಿಗಳ ಅಳತೆ ಕೂಗುತ್ತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ಮೂರು ವರ್ಷಗಳಲ್ಲಿ ಆರುನೂರು ಜನರ ಎದೆ, ಸೊಂಟ, ತೋಳುಗಳು ನನ್ನ ಸುಪರ್ದಿಗೆ ಬಂದಿದ್ದವು. ಇದನ್ನು ನಾನು ‘ಅಖಿಲ ಗಿರಾಕಿ ಅಂಗಪ್ರಮಾಣ ಮಹಾಕೋಶ’ ಎಂದು ಕರೆಯುತ್ತಿದ್ದೆ. ಅವಳು ‘ನಿಮ್ಮ ಅದು’ ಎನ್ನುತ್ತಿದ್ದಳು.

ಕಳೆದ ವಾರ ಬಡಾವಣೆಯ ಬ್ಯಾಂಡ್ ತಂಡದ ಇಪ್ಪತ್ತೆರಡು ಜನರ ಕೋಟಿನ ಅಳತೆ ಸೇರಿಸಿದ್ದೇ ಕೊನೆ, ಮಹಾಕೋಶ ಸಂಪೂರ್ಣವಾಯಿತು. ನನಗೆ ಕೈಯಲ್ಲಿ ಕೆಲಸವಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಅದು ಶುರುವಾದದ್ದು ಹೀಗೆ.

ನಮ್ಮ ಆಫೀಸಿನ ದಾಖಲೆ ಕೋಣೆಯಲ್ಲಿದ್ದ ಹಳೆಯ ಸ್ನೇಹಿತ ಸಿಕ್ಕಿದ. ಮೂವತ್ತೇಳರ ಗೋಳು ತೋಡಿಕೊಂಡೆ. ಕಂಪ್ಯೂಟರ್ ನಡೆಸುವ ಆ ಹಳೆಯ ವ್ಯವಸ್ಥೆಯನ್ನು ಕಿತ್ತುಹಾಕಿ ಲಿನಕ್ಸ್ ಎಂಬ ಹೊಸದನ್ನು ಹಾಕಿಕೋ, ಪುಕ್ಕಟೆ ಸಿಗುತ್ತದೆ, ಕುದುರೆಯ ಹಾಗೆ ಓಡುತ್ತದೆ ಎಂದ. ಒಂದು ಪೆನ್ ಡ್ರೈವ್ ಕೊಟ್ಟು, ಪ್ರತಿಯೊಂದು ಪ್ರಶ್ನೆಯನ್ನೂ ಓದಿ ಒತ್ತಬೇಕೆಂದು ಎರಡು ಸಲ ಹೇಳಿದ. ಮನೆಯಲ್ಲಿ ವಿಷಯ ಎತ್ತಿದಾಗ ಹೆಂಡತಿ, “ನಡೀತಿದೆಯಲ್ಲ, ಯಾಕೆ ಕೆದಕ್ತೀರಿ?” ಎಂದಷ್ಟೇ ಕೇಳಿದಳು. ಅವಳು ಬೇಡ ಎನ್ನಲಿಲ್ಲ ಎಂಬುದನ್ನು ನಾನು ಅನುಮತಿ ಎಂದು ದಾಖಲಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಅವಳು ತಂಗಿಯ ಮನೆಗೆ ಹೊರಟಳು. ಸೋಮವಾರ ಸಂಜೆ ಬಂದು, ಮಂಗಳವಾರ ಕೋಟುಗಳಿಗೆ ಕತ್ತರಿ ಹಾಕುವುದೆಂದು ತೀರ್ಮಾನವಾಗಿತ್ತು. ಅವಳ ಬಸ್ಸು ತಿರುವು ದಾಟುವ ಮೊದಲೇ ನಾನು ಪೆನ್ ಡ್ರೈವ್ ಚುಚ್ಚಿದೆ.

ಇಲ್ಲಿ ನನ್ನ ವೃತ್ತಿಯ ಒಂದು ಗುಟ್ಟು ಹೇಳಬೇಕು. ಆಫೀಸಿನಲ್ಲಿ ಕಡತ ಬಂದರೆ ಓದಬಾರದು. ಓದಿದರೆ ಹೊಣೆ ನಮ್ಮದಾಗುತ್ತದೆ. ಕೆಳಗಡೆ ಚಿಕ್ಕ ಸಹಿ ಹಾಕಿ ಮುಂದಿನ ಮೇಜಿಗೆ ತಳ್ಳಬೇಕು. ಈ ಶಿಸ್ತಿನಿಂದಲೇ ನಾನು ಒಂದೂ ಕಪ್ಪುಚುಕ್ಕೆಯಿಲ್ಲದೆ ನಿವೃತ್ತನಾದದ್ದು. ಲಿನಕ್ಸ್ ಐದು ಪ್ರಶ್ನೆ ಕೇಳಿತು. ಐದಕ್ಕೂ ‘ಮುಂದುವರಿ’ ಒತ್ತಿದೆ. ನಾಲ್ಕನೆಯದು ಕೆಂಪು ಅಕ್ಷರದಲ್ಲಿ ಸ್ವಲ್ಪ ಉದ್ದವಾಗಿತ್ತು, ಮೇಲಧಿಕಾರಿಯದಿರಬೇಕೆಂದು ಅದನ್ನು ಹೆಚ್ಚಿನ ಗೌರವದಿಂದ ಒತ್ತಿದೆ.

ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಕಂಪ್ಯೂಟರ್ ಏಳೇ ಸೆಕೆಂಡಿನಲ್ಲಿ ತೆರೆದುಕೊಂಡಿತು. ಸಂತೋಷ ತಡೆಯಲಾರದೆ ಮೂರು ಸಲ ಆರಿಸಿ ಹಚ್ಚಿದೆ. ನಾಲ್ಕನೆಯ ಸಲ ಮಹಾಕೋಶವನ್ನು ಹುಡುಕಿದೆ. ಇರಲಿಲ್ಲ. ಮನೆ ಹೊಸದು, ಗೋಡೆ ಹೊಸದು, ಒಳಗೆ ಒಂದು ಚಮಚವೂ ಇಲ್ಲ.

ಸ್ನೇಹಿತನಿಗೆ ಫೋನ್ ಮಾಡಿದೆ.

“ಎಲ್ಲಾ ಅಳಿಸಿಹೋಗುತ್ತೆ, ಮುಂದುವರಿಯಲಾ ಅಂತ ಕೇಳಿರುತ್ತಲ್ಲಯ್ಯ, ನೀನೇನಂದೆ?” ಎಂದ.

“ಮುಂದುವರಿ ಅಂದೆ.”

“ಇನ್ನೊಂದು ಪ್ರತಿ ಇಟ್ಟಿದ್ಯಾ?”

“ಇಟ್ಟಿದ್ದೆ. ಇದೇ ಕಂಪ್ಯೂಟರ್‌ನಲ್ಲಿ.”

ಅವನು ಫೋನಿಟ್ಟುಬಿಟ್ಟ. ಮಿಕ್ಕವರ ಸೊಂಟ ಹಾಳಾಗಲಿ, ಬ್ಯಾಂಡಿನವರ ಅಳತೆ ಇಲ್ಲದೆ ಮಂಗಳವಾರ ಅವಳು ಏನನ್ನು ಕತ್ತರಿಸುತ್ತಾಳೆ? ಒಂದೇ ಬಟ್ಟೆಗೆ ಎರಡನೆಯ ಸಲ ಅಳತೆಗೆ ಕರೆಯುವುದೆಂದರೆ ಅವಳಿಗೆ ಪ್ರಾಣ ಹೋದಷ್ಟು ಅವಮಾನ. ಇಪ್ಪತ್ತು ವರ್ಷದಲ್ಲಿ ಒಬ್ಬರನ್ನೂ ಹಾಗೆ ಕರೆದವಳಲ್ಲ. ಆ ಹೆಸರನ್ನು ನಾನು ಒಂದು ಬೆರಳಿನಿಂದ ಅಳಿಸಿಹಾಕಿದ್ದೆ.

ಟೇಪ್ ಹಿಡಿದು ಬ್ಯಾಂಡಿನವರನ್ನು ಮತ್ತೆ ಅಳೆಯಲು ಹೊರಟರೆ ಸಂಜೆಯೊಳಗೆ ಅವಳ ಕಿವಿಗೆ ಬೀಳುತ್ತದೆ. ಹಾಗಾಗಿ ಟೇಪಿಲ್ಲದ ದಾರಿ ಹುಡುಕಿದೆ. ಮೊದಲು ಸುತ್ತಿಟ್ಟ ಹಾಸಿಗೆಯನ್ನು ತಬ್ಬಿ ಅಭ್ಯಾಸ ಮಾಡಿದೆ. ಬಲಗೈ ಬೆರಳು ಎಡಗೈಯ ಮಣಿಕಟ್ಟಿಗೆ ಬಂದರೆ ನಲವತ್ತೆರಡು ಇಂಚು, ಮೊಣಕೈಗೆ ಬಂದರೆ ಮೂವತ್ತಾರು. ತೋಳಿನ ಉದ್ದಕ್ಕೆ ಕೈಕುಲುಕಿ, ಬಿಡದೆ, ಇನ್ನೊಂದು ಕೈಯಿಂದ ಭುಜದವರೆಗೆ ಗೇಣು ಹಾಕುವುದು. ಹೊರಗಿನಿಂದ ನೋಡಿದವರಿಗೆ ಅದು ಪ್ರೀತಿಯಿಂದ ಮೈದಡವಿದಂತೆ ಕಾಣಬೇಕು.

ಬ್ಯಾಂಡಿನವರಲ್ಲಿ ಮೊದಲು ಸಿಕ್ಕವರು ಅಂಚೆಯವರು. “ನಿಮ್ಮಂಥವರು ಸಿಗಲ್ಲ” ಎಂದು ತಬ್ಬಿಕೊಂಡೆ. ಮೂವತ್ತೆಂಟು. ಅವರು ಬೆಪ್ಪಾಗಿ ನಿಂತುಬಿಟ್ಟರು. ಹಲ್ಲಿನ ಡಾಕ್ಟರನ್ನು ಅವರ ಕ್ಲಿನಿಕ್ಕಿನಲ್ಲೇ, ಕುರ್ಚಿಯಲ್ಲೊಬ್ಬ ರೋಗಿ ಬಾಯಿ ತೆರೆದು ಕಾಯುತ್ತಿರುವಾಗ, ಹಿಂದಿನಿಂದ ಹಿಡಿದೆ. ಬೇಕರಿಯವರು ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವರು, ಮೈಕಟ್ಟೂ ಅದಕ್ಕೆ ತಕ್ಕ ಹಾಗೆ. ಅವರನ್ನು ಎರಡು ಕಂತಿನಲ್ಲಿ ತಬ್ಬಬೇಕಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಹೆಡ್‌ಮಾಸ್ತರು. ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ ಜಗಳದಲ್ಲಿ ನಮಗೆ ಆರು ವರ್ಷದಿಂದ ಮಾತಿರಲಿಲ್ಲ. ಹೋಗಿ ಬಿಗಿಯಾಗಿ ಅಪ್ಪಿದೆ. ನಾನು ‘ನಲವತ್ತು, ನಲವತ್ತು’ ಎಂದು ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದರೆ, ಅವರು ನನ್ನ ಹೆಗಲ ಮೇಲೆ ತಲೆಯಿಟ್ಟು ತಪ್ಪೆಲ್ಲಾ ತಮ್ಮದೇ ಎಂದು ಅಳತೊಡಗಿದರು. ಅತ್ತಾಗ ಎದೆ ಉಬ್ಬಿ ನಲವತ್ತೊಂದಾಯಿತು, ಲೆಕ್ಕ ತಪ್ಪಿತು.

ಸೋಮವಾರ ಸಂಜೆಯ ಹೊತ್ತಿಗೆ ಹತ್ತೊಂಬತ್ತು ಜನ ಮುಗಿದಿದ್ದರು. ಮನೆಯ ಬಾಗಿಲಲ್ಲಿ ಯಾರೋ ಹಣ್ಣಿನ ಬುಟ್ಟಿ ಇಟ್ಟು ಹೋಗಿದ್ದರು. ಯಾಕೆಂದು ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಹೆಂಡತಿ ಓಡುತ್ತಾ ಬಂದಳು. ಮುಖ ಬಿಳಿಚಿಹೋಗಿತ್ತು. ಚೀಲವನ್ನು ಹೊಸ್ತಿಲಲ್ಲೇ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು.

“ಆಸ್ಪತ್ರೇಲಿ ಏನಂದ್ರು? ನನ್ನ ಹತ್ರ ಮುಚ್ಚಿಡಬೇಡಿ. ಬಸ್ ಸ್ಟಾಪಿನಲ್ಲಿ ನಾಲ್ಕು ಜನ ನನ್ನ ನೋಡಿ ಕಣ್ಣೊರೆಸಿಕೊಂಡ್ರು. ನೀವು ಎಲ್ಲರನ್ನೂ ತಬ್ಬಿ ವಿದಾಯ ಹೇಳ್ತಿದ್ದೀರಂತೆ.”

ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಹಾಗೆ ಓಡಿ ಬಂದದ್ದನ್ನು ನಾನು ಕಂಡಿರಲಿಲ್ಲ. ಸುಳ್ಳು ಹೇಳುವ ಶಕ್ತಿ ಉಳಿಯಲಿಲ್ಲ. ಪೆನ್ ಡ್ರೈವ್, ನಾಲ್ಕನೆಯ ಪ್ರಶ್ನೆ, ಹಾಸಿಗೆ, ಹೆಡ್‌ಮಾಸ್ತರು, ಎಲ್ಲವನ್ನೂ ಒಪ್ಪಿಸಿ ತಲೆ ತಗ್ಗಿಸಿ ನಿಂತೆ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಮೊದಲು ಅತ್ತಳು, ಆಮೇಲೆ ನಗತೊಡಗಿದಳು. ಎಷ್ಟು ನಕ್ಕಳೆಂದರೆ ನಾನು ನೀರು ತಂದುಕೊಡಬೇಕಾಯಿತು. ಕೊನೆಗೆ ನನ್ನನ್ನು ಕೈಹಿಡಿದು ಒಳಗಿನ ಕೋಣೆಗೆ ಕರೆದೊಯ್ದಳು. ಕಪಾಟಿನಲ್ಲಿ ಇಪ್ಪತ್ತೆರಡು ಕೋಟಿನ ಬಟ್ಟೆ ಮಡಿಸಿಟ್ಟಿತ್ತು. ಪ್ರತಿಯೊಂದಕ್ಕೂ ಗುಂಡುಪಿನ್ನಿನಿಂದ ಸಿಕ್ಕಿಸಿದ ಒಂದೊಂದು ಚೀಟಿ, ಚೀಟಿಯ ಮೇಲೆ ಅವಳದೇ ಅಕ್ಷರದಲ್ಲಿ ಎದೆ, ಸೊಂಟ, ತೋಳು.

“ಅಳತೆ ಯಾವತ್ತೂ ಬಟ್ಟೆ ಮೇಲೇ ಇರುತ್ತೆ. ಅದನ್ನ ನೋಡ್ಕೊಂಡೇ ನಿಮಗೆ ಕೂಗ್ತಿದ್ದೆ.”

ಹೋದ ಜೀವ ಬಂದಂತಾಯಿತು. ಹಾಗಾದರೆ ಆ ಆರುನೂರು ಜನ, ಹಳೆಯ ಗಿರಾಕಿಗಳು ಎಂದೆ.

“ಮೂರು ವರ್ಷದ ಹಿಂದಿನ ಸೊಂಟ ಇಟ್ಕೊಂಡು ನಾನೇನು ಮಾಡ್ಲಿ? ಮನುಷ್ಯರು ದಪ್ಪ ಆಗಲ್ವಾ? ಬಂದಾಗೆಲ್ಲ ಹೊಸದಾಗೇ ತಗೋತೀನಿ. ಆ ನಿಮ್ಮ ಅದನ್ನ ನಾನು ಒಂದಿನಾನೂ ತೆಗೆದು ನೋಡಿಲ್ಲ.”

ನೆಮ್ಮದಿಯ ಹಿಂದೆಯೇ ಸ್ವಾಭಿಮಾನ ತಲೆ ಎತ್ತಿತು. ಮತ್ತೆ ಮೂರು ವರ್ಷ ನನ್ನಿಂದ ಯಾಕೆ ಟೈಪ್ ಮಾಡಿಸಿದೆ ಎಂದು ಕೇಳಿದೆ. ಅವಳು ಪಿನ್ನುಗಳನ್ನು ಡಬ್ಬಿಗೆ ಒಂದೊಂದಾಗಿ ಹಾಕುತ್ತಾ ಹೇಳಿದಳು.

“ರಿಟೈರಾದ ಮೊದಲನೇ ತಿಂಗಳು ನನ್ನ ಕತ್ತರಿಗೆ ರಿಜಿಸ್ಟರ್ ಇಟ್ರಿ. ಸಹಿ ಮಾಡಿ ತಗೋಬೇಕಿತ್ತು, ಸಹಿ ಮಾಡಿ ವಾಪಸ್ ಇಡಬೇಕಿತ್ತು. ಎರಡನೇ ತಿಂಗಳು ದಾರದುಂಡೆಗಳಿಗೆ ನಂಬರ್ ಹಾಕಿದ್ರಿ. ನಾನೂ ಬದುಕಬೇಕಲ್ಲ?”

ಅವಳು ಹೊರಗೆ ಬಂದು ಕಂಪ್ಯೂಟರಿನ ಗುಂಡಿ ಒತ್ತಿದಳು. ಏಳು ಸೆಕೆಂಡಿನಲ್ಲಿ ತೆರೆದುಕೊಂಡ ಖಾಲಿ ಪರದೆಯನ್ನು ತವರಿನಿಂದ ಬಂದ ಉಡುಗೊರೆಯ ಹಾಗೆ ಕಣ್ತುಂಬ ನೋಡಿದಳು.

“ಚೆನ್ನಾಗಿದೆ ರೀ, ನಿಜವಾಗ್ಲೂ. ನಾಳೆಯಿಂದ ಒಂದನೇ ಗಿರಾಕಿಯಿಂದ ಶುರು ಮಾಡಿ. ಮೂರು ವರ್ಷ ಆದ ಮೇಲೆ ಹೀಗೆ ಎಲ್ಲಾ ಅಳಿಸಿಹಾಕೋದು ಇನ್ನೊಂದು ಯಾವುದಾದ್ರೂ ಪುಕ್ಕಟೆ ಸಿಗುತ್ತಾ ಅಂತ ನಿಮ್ಮ ಸ್ನೇಹಿತರನ್ನ ಈಗ್ಲೇ ಕೇಳಿಟ್ಟಿರಿ.”